ಹೆಸರು ಹೇಳುವ ಮುಂಚೆ ಕಾಂಡ ಸೀಳಬೇಕು: ತೊಗರಿ ಹೊಲದಲ್ಲಿ ನನ್ನ ಅನುಭವ

ನಮ್ಮ ಕಲಬುರಗಿ ಕಡೆ ತೊಗರಿ ಒಣಗಿತು ಅಂದರೆ ಎಲ್ಲರ ಬಾಯಲ್ಲೂ ಒಂದೇ ಹೆಸರು, ನೆಟೆ ರೋಗ. ರೈತರು ಹೇಳುತ್ತಾರೆ, ಗೊಬ್ಬರದಂಗಡಿಯವರು ಹೇಳುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವರೂ ಹೇಳುತ್ತಾರೆ. ತುಂಬಾ ಸಲ ಅದು ನಿಜವೂ ಹೌದು. 2022ರ ಮುಂಗಾರಿನ ತೊಗರಿಗೆ ನೆಟೆ ಬಿದ್ದು ಜಿಲ್ಲೆಯಲ್ಲಿ ಭಾರಿ ನಷ್ಟವಾಯಿತು, ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ನನಗೆ ಚಿಂತೆ ಹತ್ತುವುದು ಬೇರೆ ಕಾರಣಕ್ಕೆ. ಹೆಸರು ಸಿಕ್ಕಿತು ಅಂದರೆ ಎಲ್ಲರೂ ನೋಡುವುದನ್ನು ನಿಲ್ಲಿಸಿಬಿಡುತ್ತಾರೆ.

ನಾನು ಕೃಷಿ ಡಿಪ್ಲೊಮಾ ಓದಿದವನು. ರೈತ ಉತ್ಪಾದಕರ ಕಂಪನಿಯೊಂದರ ಪರವಾಗಿ ಆಳಂದ, ಚಿತ್ತಾಪುರ, ಸೇಡಂ ಕಡೆಯ ಹೊಲಗಳಿಗೆ ಹೋಗುತ್ತೇನೆ. ಗಿಡಕ್ಕೆ ಏನಾಗಿದೆ, ಏನು ಮಾಡಬೇಕು ಅಂತ ಹೇಳುವುದು ನನ್ನ ಕೆಲಸ. ನನ್ನ ಮಾತು ನಂಬಿ ಒಬ್ಬರು ದುಡ್ಡು ಸುರಿಯುತ್ತಾರೆ. ಹಾಗಾಗಿ ನನಗೆ ನಿಜವಾಗಿ ಗೊತ್ತಿದೆಯಾ, ಇಲ್ಲ ಗೊತ್ತಿದೆ ಅಂತ ಸುಮ್ನೆ ಅನ್ನಿಸುತ್ತಿದೆಯಾ ಅಂತ ನೋಡಿಕೊಳ್ಳಲು ಕೆಲವು ರೂಢಿಗಳನ್ನು ಇಟ್ಟುಕೊಂಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೊಲಕ್ಕೆ ಕಾಲಿಟ್ಟ ಕೂಡಲೇ ರೈತರು ಹೇಳುವ ಮೊದಲ ಮಾತು, 'ನೆಟಿ ಬಿದ್ದದ ನೋಡ್ರಿ ಸರ.' ಹೌದು ಅನ್ನುವುದಿಲ್ಲ, ಅಲ್ಲ ಅಂತಲೂ ಅನ್ನುವುದಿಲ್ಲ. ಏನು ಕಂಡಿತು ಅಂತ ಕೇಳುತ್ತೇನೆ. ಮೊದಲು ಯಾವ ಗಿಡ ಒಣಗಿತು? ತಗ್ಗಿನಲ್ಲಾ, ದಿಬ್ಬದಲ್ಲಾ? ಒಂದೇ ಟೊಂಗೆಯಾ, ಇಡೀ ಗಿಡವಾ? ಹೋದ ವರ್ಷ ಈ ಹೊಲದಲ್ಲಿ ಏನಿತ್ತು? ಮಳೆ ನೀರು ಎಷ್ಟು ಹೊತ್ತು ನಿಂತಿತ್ತು? ಈ ಪ್ರಶ್ನೆಗಳಿಗೆ ರೈತರು ಕೊಡುವ ಉತ್ತರ ಬಹಳ ಚೊಕ್ಕ ಇರುತ್ತದೆ. ದಿನಾ ಹೊಲ ನೋಡುವವರು ಅವರು. ಹೆಸರು ಕೇಳಿದರೆ ಹೆಸರು ಕೊಡುತ್ತಾರೆ, ಕಂಡದ್ದು ಕೇಳಿದರೆ ಕಂಡದ್ದನ್ನೇ ಕೊಡುತ್ತಾರೆ.

ಆಮೇಲೆ ಗಿಡ ಕೀಳುವುದು. ಕೀಳುವ ಮುಂಚೆ ಇನ್ನೊಂದು ಕೆಲಸ ಇದೆ, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಒಳಗೆ ಏನು ಕಾಣಬೇಕು ಅಂತ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಇದು ನೆಟೆಯೇ ಆಗಿದ್ದರೆ ತೊಗಟೆ ಸುಲಿದಾಗ ಕಾಂಡದ ಒಳಗೆ ಕಂದು ಅಥವಾ ಕಪ್ಪು ಗೆರೆಗಳು ಉದ್ದಕ್ಕೆ ಕಾಣಬೇಕು. ಹೊರಗೆ ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ ಇದ್ದರೆ ಇನ್ನೂ ಗಟ್ಟಿ. ನೀರು ನಿಂತು ಬರುವ ಫೈಟಾಫ್ಥೊರಾ ಅಂಗಮಾರಿಯಾದರೆ ಬೇರು ಚೆನ್ನಾಗೇ ಇರುತ್ತದೆ. ಗಾಯ ಇರುವುದು ಕಾಂಡದ ಮೇಲೆ, ಗಾಳಿ ಬಂದರೆ ಗಿಡ ಅದೇ ಜಾಗದಲ್ಲಿ ಮುರಿಯುತ್ತದೆ. ಅದು ಹೆಚ್ಚಾಗಿ ಎಳೆ ಗಿಡಗಳ ಕಾಟ. ಒಣ ಬೇರು ಕೊಳೆ ರೋಗವಾದರೆ ಬೇರು ಪಟಪಟ ಮುರಿಯುತ್ತದೆ, ತೊಗಟೆ ಕೆಳಗೆ ಇದ್ದಿಲ ಪುಡಿ ಉದುರಿಸಿದ ಹಾಗೆ ಸಣ್ಣ ಕಪ್ಪು ಚುಕ್ಕೆಗಳಿರುತ್ತವೆ. ಇದ್ಯಾವುದೂ ಇಲ್ಲದೆ ಬೇರು, ಕಾಂಡ ಎರಡೂ ಬೆಳ್ಳಗಿದ್ದರೆ, ಎರೆ ಭೂಮಿ ಬಾಯಿ ಬಿಟ್ಟಿದ್ದರೆ, ರೋಗ ಹುಡುಕುವ ಮುಂಚೆ ನೆಲದ ಹಸಿ, ಅಂದರೆ ತೇವ, ನೋಡಬೇಕು.

ಬರೆದ ಮೇಲೆ ಚಾಕು ತೆಗೆಯುತ್ತೇನೆ.

ಮೊದಲೇ ಬರೆಯುವುದು ಯಾಕೆ ಅಂದರೆ, ಸೀಳಿ ನೋಡಿದ ಮೇಲೆ ಎಲ್ಲವೂ ಗೊತ್ತಿತ್ತು ಅನ್ನಿಸುತ್ತದೆ. 'ನಾನೂ ಹಂಗೇ ಅಂದ್ಕೊಂಡಿದ್ದೆ' ಅನ್ನುವ ಮಾತು ಎಷ್ಟು ಸಲೀಸಾಗಿ ಬರುತ್ತದೆ ಅಲ್ವಾ? ಕಾಗದದ ಮೇಲಿದ್ದರೆ ಹಾಗೆ ಜಾರಿಕೊಳ್ಳಲು ಆಗುವುದಿಲ್ಲ. ಜೊತೆಗೆ, ಮುಂದೆ ಏನು ಕಾಣಬೇಕು ಅಂತ ಬರೆಯಲು ಕೈ ಓಡದಿದ್ದರೆ ಅಲ್ಲೇ ಗೊತ್ತಾಗುತ್ತದೆ, ನನ್ನ ಹತ್ತಿರ ಇರುವುದು ಹೆಸರು ಮಾತ್ರ ಅಂತ.

ಎರಡನೆಯ ರೂಢಿ ನಮ್ಮೂರಿನ ಮುತ್ಯಾ ಒಬ್ಬರಿಂದ ಬಂದದ್ದು. ವಯಸ್ಸಾದವರು, ಶಾಲೆ ಕಂಡವರಲ್ಲ. ನೆಟೆ ಅಂದರೆ ಮಣ್ಣಿನಲ್ಲಿರುವ ಒಂದು ಶಿಲೀಂಧ್ರ, ನಮ್ಮ ಮಾತಿನಲ್ಲಿ ಬೂಸ್ಟು, ಬೇರಿನಿಂದ ಒಳಗೆ ಹೋಗಿ ಗಿಡ ಒಣಗಿಸುತ್ತದೆ ಅಂತ ಅವರಿಗೆ ಹೇಳುತ್ತಿದ್ದೆ. ಅವರು ಕೇಳಿದರು: 'ಅಲ್ಲ ತಮ್ಮಾ, ನೆಲದಾಗೇ ಇದ್ರ ಗಿಡ ಸಣ್ಣದಿದ್ದಾಗ ಯಾಕ ಒಣಗಲ್ಲ? ಹೂವು ಕಾಯಿ ಬಂದಾಗೇ ಯಾಕ ಒಣಗ್ತದ?'

ಎಂಥ ಪ್ರಶ್ನೆ ನೋಡಿ. ಆ ಬೂಸ್ಟಿನ ಫ್ಯುಸೇರಿಯಂ ಉಡಮ್ ಅನ್ನುವ ಹೆಸರು, 1910ರಲ್ಲಿ ಬಟ್ಲರ್ ಅನ್ನುವ ವಿಜ್ಞಾನಿ ಅದನ್ನು ವಿವರಿಸಿದ್ದು, ಇದೆಲ್ಲ ಬಾಯಿಪಾಠ ಇದ್ದರೂ ಈ ಪ್ರಶ್ನೆಗೆ ಏನೂ ಉಪಯೋಗಕ್ಕೆ ಬರುವುದಿಲ್ಲ. ಉತ್ತರ ಇರುವುದು ಅದು ಕೆಲಸ ಮಾಡುವ ರೀತಿಯಲ್ಲಿ. ಬೂಸ್ಟು ಎಳೆ ಗಿಡದ ಬೇರಿಗೇ ಹೊಕ್ಕಿರುತ್ತದೆ. ಒಳಗೊಳಗೆ ನೀರು ಏರುವ ನಾಳಗಳಲ್ಲಿ ಬೆಳೆಯುತ್ತಾ ಹೋಗುತ್ತದೆ. ಗಿಡ ಚಿಕ್ಕದಿದ್ದಾಗ ಉಳಿದ ನಾಳಗಳಲ್ಲಿ ಬರುವ ನೀರೇ ಸಾಕು. ಹೂವು, ಕಾಯಿ ಕಟ್ಟುವಾಗ ಗಿಡಕ್ಕೆ ನೀರು ಜಾಸ್ತಿ ಬೇಕು. ಹೊತ್ತಿಗೆ ಸರಿಯಾಗಿ ಮಳೆಯೂ ಹಿಂದೆ ಸರಿದಿರುತ್ತದೆ. ಆಗ ಸಾಲುವುದಿಲ್ಲ. ಒಂದು ಬದಿಯ ನಾಳಗಳಷ್ಟೇ ಕಟ್ಟಿಕೊಂಡಿದ್ದರೆ ಆ ಬದಿಯ ಟೊಂಗೆ ಮಾತ್ರ ಬಾಡುತ್ತದೆ.

ಮುತ್ಯಾ ಅಷ್ಟಕ್ಕೇ ಬಿಡಲಿಲ್ಲ. 'ಹಂಗಾದ್ರ ಒಣಗಿದ ಮ್ಯಾಲ ಎಲಿಗೆ ಎಣ್ಣಿ ಹೊಡೆದ್ರ ಏನ್ ಬಂತು?' ಅಂದರು. ಅದೇ ಮಾತು! ರೋಗ ಕಾಂಡದ ಒಳಗಿದೆ, ಮಣ್ಣಿನಲ್ಲಿದೆ. ಬಾಡಿದ ಗಿಡದ ಎಲೆಗೆ ಔಷಧಿ ಹೊಡೆದರೆ ಗಿಡ ಎದ್ದು ನಿಲ್ಲುವುದಿಲ್ಲ. ಅದು ಕೆಲಸ ಮಾಡುವ ರೀತಿ ತಿಳಿದವರಿಗೆ ಇದನ್ನು ಯಾರೂ ಬೇರೆಯಾಗಿ ಹೇಳಿಕೊಡಬೇಕಿಲ್ಲ. ಹೆಸರು ಮಾತ್ರ ತಿಳಿದವರು ಅಂಗಡಿಗೆ ಹೋಗಿ 'ನೆಟಿಗೆ ಎಣ್ಣಿ ಕೊಡ್ರಿ' ಅನ್ನುತ್ತಾರೆ, ಯಾವುದೋ ಡಬ್ಬಿ ಕೈಗೆ ಬರುತ್ತದೆ.

ಅಂದಿನಿಂದ ಯಾವ ವಿಷಯ ಓದಿದರೂ ಮುತ್ಯಾನಿಗೆ ಹೇಳುವ ಹಾಗೆ ಜೋರಾಗಿ ಹೇಳಿಕೊಳ್ಳುತ್ತೇನೆ. ಪ್ರತಿ ಹೆಜ್ಜೆಗೂ 'ಯಾಕ?' ಅಂತ ನಾನೇ ಕೇಳಿಕೊಳ್ಳುತ್ತೇನೆ. ಎಲ್ಲಿ ಉತ್ತರ ತುಂಡಾಗುತ್ತದೋ ಅಲ್ಲಿಂದ ಓದು ಶುರು. 2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲಿಯೊನಿಡ್ ರೋಜೆನ್‌ಬ್ಲಿಟ್ ಮತ್ತು ಫ್ರಾಂಕ್ ಕೀಲ್ ಇದನ್ನೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಜಿಪ್ಪು, ಬೀಗದಂಥ ವಸ್ತುಗಳು ಹೇಗೆ ಕೆಲಸ ಮಾಡುತ್ತವೆ ಅನ್ನುವುದು ನಿಮಗೆ ಎಷ್ಟು ಗೊತ್ತು, ಅಂಕ ಕೊಟ್ಟುಕೊಳ್ಳಿ ಅಂದರು. ಜನ ಒಳ್ಳೆ ಅಂಕವನ್ನೇ ಕೊಟ್ಟುಕೊಂಡರು. ಈಗ ಒಂದೊಂದೇ ಹೆಜ್ಜೆ ಬಿಡಿಸಿ ಬರೆಯಿರಿ ಅಂದರು. ಬರೆದ ಮೇಲೆ ಅದೇ ಜನ ತಮ್ಮ ಅಂಕವನ್ನು ತಾವೇ ಇಳಿಸಿಕೊಂಡರು. ದಿನಾ ಕೈಯಲ್ಲಿ ಹಿಡಿಯುವ ಜಿಪ್ಪಿನ ಕತೆಯೇ ಹೀಗಾದರೆ ನೆಲದೊಳಗಿನ ಬೂಸ್ಟಿನ ವಿಷಯ ಹೇಗಿರಬೇಡ.

ಮುತ್ಯಾನಿಗೆ ಎಲ್ಲವೂ ಗೊತ್ತಿತ್ತು ಅಂತ ನಾನು ಹೇಳುವುದಿಲ್ಲ. ನೆಟೆಯ ವಿಷಯದಲ್ಲಿ ಅವರ ತಿಳಿವಳಿಕೆ ಗಟ್ಟಿ. ಜೋಳದ ಜೊತೆ ಬಿತ್ತಿದ ಹೊಲದಲ್ಲಿ ನೆಟೆ ಕಡಿಮೆ, ವರ್ಷವರ್ಷ ತೊಗರಿ ಮೇಲೆ ತೊಗರಿ ಬಿತ್ತಿದರೆ ಜಾಸ್ತಿ ಅನ್ನುತ್ತಾರೆ. ಎರಡೂ ಪ್ರಯೋಗದಲ್ಲಿ ನಿಜ ಅಂತ ಕಂಡವು. ರಾಶಿ ಆದ ಮೇಲೆ ತೊಗರಿ ಕಟ್ಟಿಗೆ ಒಲೆಗೆ ಹೋಗುತ್ತದೆ, ಬುಡದ ಬೇರು ನೆಲದಲ್ಲೇ ಉಳಿಯುತ್ತದೆ. ಬೂಸ್ಟು ಅದರಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಆದರೆ ಗಿಡ ಹೂವು ಕಾಯಿ ಬಿಡದೆ ನಿಲ್ಲುವ ಗೊಡ್ಡು ರೋಗಕ್ಕೆ ಬಂದರೆ 'ಭೂಮಿ ಕಾವು' ಅನ್ನುತ್ತಾರೆ. ಅದು ತಪ್ಪು. ಅದಕ್ಕೆ ಕಾರಣವೂ ಇದೆ. ನೆಟೆಯ ಗುರುತು ಕಣ್ಣಿಗೆ ಕಾಣುತ್ತದೆ, ಗೊಡ್ಡು ತರುವ ಜೀವಿ ಬರಿಗಣ್ಣಿಗೆ ಕಾಣುವುದೇ ಇಲ್ಲ.

ಗೊಡ್ಡು ರೋಗದ ಕತೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೊತ್ತಿರುವುದು, ಗೊತ್ತಿಲ್ಲದ್ದು ಎರಡನ್ನೂ ಬೇರೆ ಇಡುವುದು ಹೇಗೆ ಅಂತ ನಾನು ಕಲಿತದ್ದು ಅದರಿಂದಲೇ. ಎಲೆ ಚಿಕ್ಕದಾಗಿ, ತಿಳಿ ಹಸಿರು ಮಚ್ಚೆ ಬಿದ್ದು, ಗಿಡ ಪೊದೆಯಾಗಿ ನಿಲ್ಲುತ್ತದೆ. ಹೂವಿಲ್ಲ, ಕಾಯಿಲ್ಲ. ಸುತ್ತಲಿನ ತೊಗರಿ ಒಣಗಿ ರಾಶಿಗೆ ಬಂದರೂ ಇದು ಮಾತ್ರ ಹಸಿರು. 1931ರಲ್ಲೇ ಬಿಹಾರದ ಪೂಸಾದಿಂದ ಈ ರೋಗದ ವರದಿ ಬಂದಿತ್ತು. ಕಸಿ ಮಾಡಿದರೆ ರೋಗ ದಾಟುತ್ತದೆ ಅಂತ 1950ರ ದಶಕದಲ್ಲಿ ತಿಳಿಯಿತು. ಅಸೇರಿಯ ಕಜಾನಿ ಅನ್ನುವ ನುಸಿ ಇದನ್ನು ಹರಡುತ್ತದೆ ಅಂತ 1960ರ ದಶಕದಲ್ಲಿ ತಿಳಿಯಿತು. ವೈರಸ್ ಇರಬಹುದು ಅಂತ ಎಲ್ಲರಿಗೂ ಅನ್ನಿಸಿತ್ತು, ಆದರೆ ಯಾರ ಕೈಗೂ ಅದು ಸಿಕ್ಕಿರಲಿಲ್ಲ. ಕೊನೆಗೆ 2000ದ ಸುಮಾರಿಗೆ ಹೈದರಾಬಾದ್ ಹತ್ತಿರದ ಪಟಾಂಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮತ್ತು ಸ್ಕಾಟ್ಲೆಂಡಿನ ವಿಜ್ಞಾನಿಗಳು ಸೇರಿ ಆ ವೈರಸ್ಸನ್ನು ಬೇರ್ಪಡಿಸಿದರು. ಹತ್ತಿರ ಹತ್ತಿರ 70 ವರ್ಷ ಹೆಸರಿತ್ತು, ಲಕ್ಷಣಗಳ ಪಟ್ಟಿ ಇತ್ತು, ಮೂಲ ಇರಲಿಲ್ಲ. ನನಗೆ ಗೌರವ ಬರುವುದು ಆ ನಡುವಿನ ವರ್ಷಗಳಲ್ಲಿ ದುಡಿದವರ ಮೇಲೆ. 'ನುಸಿ ಹರಡುತ್ತದೆ, ಇಷ್ಟು ಗೊತ್ತು. ಒಳಗಿರುವುದು ಏನು, ಇನ್ನೂ ಗೊತ್ತಿಲ್ಲ' ಅಂತ ಇಟ್ಟುಕೊಂಡೇ ರೋಗ ತಡೆಯುವ ತಳಿ ಹುಡುಕಿದರು.

ಎರಡು ರೋಗಗಳನ್ನು ಬೇರೆ ಮಾಡಿ ತಿಳಿಯದಿದ್ದರೆ ಬೀಜದಲ್ಲೇ ಸೋಲುತ್ತೇವೆ. ಮಾರುತಿ ತಳಿ ನೆಟೆ ತಡೆಯುತ್ತದೆ, ಗೊಡ್ಡು ತಡೆಯುವುದಿಲ್ಲ. ಆಶಾ ತಳಿ ಎರಡನ್ನೂ ತಡೆಯುವಂತೆ ಬಂದದ್ದು. 'ರೋಗ ತಡಿಯೋ ಬೀಜ ಅದ' ಅಂತ ಯಾರಾದರೂ ಅಂದರೆ ನಾನು ಕೇಳುವ ಪ್ರಶ್ನೆ ಒಂದೇ, ಯಾವ ರೋಗ?

ಬೀಜೋಪಚಾರದಲ್ಲೂ, ಅಂದರೆ ಬಿತ್ತುವ ಮುಂಚೆ ಬೀಜಕ್ಕೆ ಔಷಧಿ ಹಚ್ಚುವುದರಲ್ಲೂ, ಇದೇ ಮಾತು. ಟ್ರೈಕೋಡರ್ಮಾ ಹಚ್ಚಬೇಕು ಅಂತ ಈಗ ಎಲ್ಲರಿಗೂ ಗೊತ್ತು. ಅದೂ ಒಂದು ಶಿಲೀಂಧ್ರ, ಜೀವ ಇರುವಂಥದ್ದು, ಬೇರಿನ ಸುತ್ತ ಬೆಳೆದು ಕೆಟ್ಟ ಬೂಸ್ಟನ್ನು ಹಿಮ್ಮೆಟ್ಟಿಸುತ್ತದೆ ಅಂತ ಗೊತ್ತಿರುವವರು ಕಡಿಮೆ. ಗೊತ್ತಿಲ್ಲದವರು ಇನ್ನೂ ಭದ್ರವಾಗಲಿ ಅಂತ ಅದೇ ಬೀಜಕ್ಕೆ ಕಾರ್ಬೆಂಡಜಿಂ ಕೂಡ ಬೆರೆಸುತ್ತಾರೆ. ಅದು ಶಿಲೀಂಧ್ರ ಕೊಲ್ಲುವ ಔಷಧಿ, ಟ್ರೈಕೋಡರ್ಮಾವನ್ನೂ ಬಿಡುವುದಿಲ್ಲ.

ಕಂಪನಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ರೋಗದ ವ್ಯಾಖ್ಯೆ ಹೇಳಿಕೊಡುವುದಿಲ್ಲ. ಬೇರೆ ಬೇರೆ ಹೊಲದ ಗಿಡಗಳನ್ನು ತಂದು ಕಲೆಸಿ ಇಡುತ್ತೇನೆ. ಹೆಸರು ಹೇಳಬಾರದು, ಗುಂಪು ಮಾಡಬೇಕು. ಈ ಗಿಡ ಈ ಗುಂಪಿಗೆ ಯಾಕೆ ಬಂತು ಅಂತ ಹೇಳಬೇಕು. ನಂತರ ಒಂದು ಪ್ರಶ್ನೆ: 'ನಿಂದು ತಪ್ಪು ಅಂತ ಒಪ್ಕೋಬೇಕಾದ್ರ ಏನು ಕಾಣಬೇಕು?' ಚೆನ್ನಾಗಿ ಓದಿದವರೂ ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಆ ಹೊತ್ತು ನನಗೆ ಬಹಳ ಇಷ್ಟ. ಅವರು ನಿಜವಾಗಿ ಯೋಚನೆ ಮಾಡುತ್ತಿರುತ್ತಾರೆ.

ಗೊಡ್ಡು ರೋಗದ ನುಸಿಯ ಚಿತ್ರ ಬರೆಯಿರಿ ಅಂತಲೂ ಹೇಳುತ್ತೇನೆ. ಎಲ್ಲರೂ ಎಂಟು ಕಾಲು ಹಾಕುತ್ತಾರೆ, ನುಸಿಗೆ ಎಂಟು ಕಾಲು ಅಂತ ಪಾಠದಲ್ಲಿ ಇದೆಯಲ್ಲ. ಈ ಕುಟುಂಬದ ನುಸಿಗೆ ಇರುವುದು ನಾಲ್ಕೇ ಕಾಲು. ಭೂತಗನ್ನಡಿ ಸಾಲುವುದಿಲ್ಲ, ಸೂಕ್ಷ್ಮದರ್ಶಕ ಬೇಕು. ರೆಕ್ಕೆ ಇಲ್ಲ, ಗಾಳಿಯಲ್ಲಿ ತೇಲಿ ಹೋಗುತ್ತದೆ. ಅಷ್ಟು ತಿಳಿದರೆ ಬದುವಿನ ಮೇಲೆ ಉಳಿದ ಹಳೆಯ ತೊಗರಿ ಗಿಡವನ್ನು ಬಿತ್ತನೆಗೆ ಮುಂಚೆ ಯಾಕೆ ಕೀಳಬೇಕು ಅನ್ನುವುದು ತಾನೇ ತಿಳಿಯುತ್ತದೆ.

ಈಗ ಮೊಬೈಲಿನಲ್ಲಿ ಫೋಟೊ ಬರುವುದು ಜಾಸ್ತಿ. ಬಾಡಿದ ಎಲೆಯ ಫೋಟೊ, ಕೆಳಗೆ 'ಯಾವ ರೋಗ ಸರ?' ಅಂತ. ಬಾಡಿದ ಎಲೆ ಎಲ್ಲ ರೋಗದಲ್ಲೂ ಹೆಚ್ಚುಕಡಿಮೆ ಒಂದೇ. ನಾನು ತಿರುಗಿ ಕೇಳುವುದು ಮೂರು ಫೋಟೊ: ದೂರದಿಂದ ಇಡೀ ಹೊಲ, ಮಣ್ಣು ಕೊಡವಿದ ಬೇರು, ಉದ್ದಕ್ಕೆ ಸೀಳಿದ ಕಾಂಡ. ಅದು ಬರುವ ತನಕ ಹೆಸರು ಹೇಳುವುದಿಲ್ಲ. ಕೆಲವರಿಗೆ ಬೇಜಾರಾಗುತ್ತದೆ, ಪಕ್ಕದ ಅಂಗಡಿಯಲ್ಲಿ ಒಂದೇ ನಿಮಿಷದಲ್ಲಿ ಹೇಳಿಬಿಡುತ್ತಾರಲ್ಲ ಅಂತ. ಕಾಂಡ ಸೀಳಿ ನೋಡಿದವರು ಮುಂದಿನ ಸಲ ಮೂರೂ ಫೋಟೊ ತಾವೇ ಕಳಿಸುತ್ತಾರೆ.

ಅಷ್ಟಾದರೂ ತೀರ್ಮಾನ ಆಗದಿದ್ದರೆ ನೋಟ್‌ಬುಕ್ಕಿನಲ್ಲಿ 'ಇನ್ನೂ ತಿಳಿದಿಲ್ಲ' ಅಂತಲೇ ಬರೆದು, ರೈತರಿಗೂ ಹಾಗೇ ಹೇಳಿ, ಮಾದರಿಯನ್ನು ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ತೆಗೆದುಕೊಂಡು ಹೋಗುತ್ತೇನೆ. ಪೂರ್ತಿ ಸತ್ತ ಗಿಡ ಬೇಡ, ಈಗ ಬಾಡಲು ಶುರುವಾದದ್ದು ಬೇಕು. ಬೇರು ಹರಿಯದ ಹಾಗೆ ಸುತ್ತ ಅಗೆದು ತೆಗೆಯಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವೆತು ಬೇರೆ ಬೂಸ್ಟು ಹತ್ತುತ್ತದೆ, ಹಾಗಾಗಿ ಪೇಪರಿನಲ್ಲಿ ಸುತ್ತಬೇಕು. ಅದೇ ಸಾಲಿನಲ್ಲಿ ಚೆನ್ನಾಗಿರುವ ಒಂದು ಗಿಡವನ್ನೂ ಕಿತ್ತು ಜೊತೆಗೆ ಒಯ್ಯಬೇಕು. ಹೋಲಿಸಿ ನೋಡಲು ಅದು ಬೇಕೇ ಬೇಕು.