‘ತಲಿಗೆ ಹತ್ತಂಗಿಲ್ರಿ ಸರ’ ಅನ್ನುವ ಮಕ್ಕಳಿಗೆ ಗಣಿತ

ಮುಧೋಳ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಹತ್ತನೇ ತರಗತಿಗೆ ಗಣಿತ ಕಲಿಸುತ್ತೇನೆ. ಘಟಪ್ರಭೆಯ ದಂಡೆ, ಎತ್ತ ನೋಡಿದರೂ ಕಬ್ಬು. ಕ್ಲಾಸಿನಲ್ಲಿ ಎರಡು ಮಾತು ಪ್ರತಿ ವರ್ಷ ಕಿವಿಗೆ ಬೀಳುತ್ತವೆ. ಒಂದು, “ಗಣಿತ ನನ್ನ ತಲಿಗೆ ಹತ್ತಂಗಿಲ್ರಿ ಸರ.” ಇನ್ನೊಂದು, “ಕಬ್ಬ ಹಚ್ಚಾಂವಗ ಇದೆಲ್ಲಾ ಯಾಕ ಬೇಕ್ರಿ?” ಕೇಳಿದವರು ಎರಡನ್ನೂ ಸೋಮಾರಿತನ ಅಂತಾರೆ. ನನಗೆ ಹಾಗೆ ಅನಿಸುವುದಿಲ್ಲ. ರೋಗ ಬೇರೆ ಬೇರೆ, ಮದ್ದೂ ಬೇರೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಜಾಕ್ವೆಲಿನ್ ಎಕ್ಲೆಸ್ ಮತ್ತು ಸಂಗಡಿಗರು 1983ರಲ್ಲೇ ಇದನ್ನು ಬಿಡಿಸಿಟ್ಟಿದ್ದಾರೆ. ಓದಲು ಮನಸ್ಸು ಬರಬೇಕಾದರೆ ಮಗುವಿಗೆ ಎರಡು ಪ್ರಶ್ನೆಗೆ ಉತ್ತರ ಸಿಗಬೇಕು. ಇದು ನನಗೆ ಬರುತ್ತದಾ? ಬಂದರೆ ನನಗೇನು? ಅದಕ್ಕಾಗಿ ಏನು ಬಿಡಬೇಕಾಗುತ್ತದೆ ಅನ್ನುವುದೂ ಈ ಎರಡನೆಯದರಲ್ಲೇ ಸೇರಿದೆ.

ಉಪಯೋಗದ ಬಗ್ಗೆ ನಾನು ಭಾಷಣ ಮಾಡುವುದಿಲ್ಲ. “ಗಣಿತ ಬಂದರೆ ಎಂಜಿನಿಯರ್ ಆಗ್ತೀರಿ” ಅಂದರೆ, ಬರಲ್ಲ ಅಂದುಕೊಂಡ ಹುಡುಗ ಇನ್ನೂ ಹಿಂದಿನ ಬೆಂಚಿಗೆ ಸರಿಯುತ್ತಾನೆ. ಸಮಾಂತರ ಶ್ರೇಢಿ, ಅಂದರೆ ಒಂದೇ ಅಂತರದಲ್ಲಿ ಸಾಗುವ ಸಂಖ್ಯೆಗಳ ಸಾಲು, ಶುರು ಮಾಡಿದಾಗ ಬೋರ್ಡಿನ ಮೇಲೆ ಸುಮ್ನೆ ಕಬ್ಬಿನ ಎಫ್‌ಆರ್‌ಪಿ (ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ) ಬರೆದೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ್ದು, ಸಕ್ಕರೆ ಇಳುವರಿ (ಕಬ್ಬು ಅರೆದಾಗ ಸಿಗುವ ಸಕ್ಕರೆಯ ಪ್ರಮಾಣ) ಶೇ 10.25 ಇದ್ದರೆ ಕ್ವಿಂಟಲ್‌ಗೆ 355 ರೂಪಾಯಿ. ಇಳುವರಿ ಶೇ 0.1ರಷ್ಟು ಏರಿದಂತೆಲ್ಲ 3.46 ರೂಪಾಯಿ ಜಾಸ್ತಿ. ಶೇ 11.25 ಬಂದರೆ ಎಷ್ಟು?

ಮುಂದಿನ ಬೆಂಚಿನವರು ಸೂತ್ರ ಹಾಕಿದರು. ಹತ್ತು ಸಲ ಏರುತ್ತದೆ, ಹಾಗಾಗಿ ಸಾಲಿನಲ್ಲಿ ಒಟ್ಟು ಎಷ್ಟು ಸಂಖ್ಯೆ ಇವೆ ಅಂತ ಹೇಳುವ ‘ಎನ್’ ಅಂದರೆ 10. ಉತ್ತರ 386.14. ಹಿಂದೆ ಕೂತ ಹುಡುಗನೊಬ್ಬ ಸೂತ್ರ ಮುಟ್ಟಲೇ ಇಲ್ಲ. 355, 358.46, 361.92 ಅಂತ ಒಂದರ ಕೆಳಗೊಂದು ಕೂಡಿಸುತ್ತಾ ಹೋದ. ಅವನದು 389.60, ಅಂದರೆ ಟನ್‌ಗೆ 3,896. ಜಗಳ ಹತ್ತಿತು. ನಾನು ಬಾಯಿ ಬಿಡಲಿಲ್ಲ. ಅವನೇ ಎದ್ದು ಬಂದು ಸಾಲು ಎಣಿಸಿ ತೋರಿಸಿದ: “ಏರಿದ್ದು ಹತ್ತ ಸಲಾನ. ಆದ್ರ ಮೊದಲನೇದ್ದು ಹಿಡದ್ರ ಹನ್ನೊಂದ ಸಾಲ ಅದಾವ ನೋಡ್ರಿ.” ಸೂತ್ರದಲ್ಲಿ ‘ಎನ್’ನಿಂದ ಒಂದು ಕಳೆಯುವುದು ಯಾಕೆ ಅನ್ನುವುದನ್ನು ಆವತ್ತು ಕ್ಲಾಸಿಗೆ ಕಲಿಸಿದ್ದು ಅವನೇ. ಆಮೇಲೆ ಇನ್ನೊಬ್ಬ ಕೇಳಿದ, “ನಮ್ಮ ಹೊಲದ ಕಬ್ಬ ಚಲೋ ಇದ್ರ ನಮಗ ಜಾಸ್ತಿ ಕೊಡ್ತಾರೇನ್ರಿ?” ಇಲ್ಲ, ಲೆಕ್ಕಕ್ಕೆ ಹಿಡಿಯುವುದು ಇಡೀ ಕಾರ್ಖಾನೆಯ ಇಳುವರಿ. ಸರಾಸರಿ ಅಂದರೆ ಯಾರಿಗೆ ಲಾಭ, ಯಾರಿಗೆ ಲುಕ್ಸಾನು ಅಂತ ಮಾತು ಬೆಳೆದು ಪಿರಿಯಡ್ಡೇ ಮುಗಿದುಹೋಯಿತು.

ಈಗ ಪ್ರತಿ ಪಾಠ ಮುಗಿದ ಮೇಲೆ ಅರ್ಧ ಪುಟ ಬರೆಸುತ್ತೇನೆ: ಇದು ನಿಮ್ಮ ಮನೆಯಲ್ಲಿ ಎಲ್ಲಿ ಬರುತ್ತದೆ? ಈ ಉಪಾಯ ನನ್ನದಲ್ಲ. ಹಲ್ಲೆಮನ್ ಮತ್ತು ಹರಾಕೀವಿಜ್ ಎಂಬ ಸಂಶೋಧಕರು ಪ್ರೌಢಶಾಲೆಯ ವಿಜ್ಞಾನ ತರಗತಿಗಳಲ್ಲಿ ಹೀಗೇ ಬರೆಸಿ ನೋಡಿ, 2009ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಹೆಚ್ಚು ಅನುಕೂಲ ಆಗಿದ್ದು ‘ನನಗೆ ಬರಲ್ಲ’ ಅಂದುಕೊಂಡಿದ್ದ ಮಕ್ಕಳಿಗೆ. ನನ್ನಲ್ಲಿ ಕೆಲವರು ಏನೋ ಗೀಚಿ ಕೊಡುತ್ತಾರೆ, ಇರಲಿ. ಒಬ್ಬ ಹುಡುಗಿ ಮಾತ್ರ ಅವ್ವ ತೆಗೆದ ಸಾಲದ ಕಂತಿನ ಪುಸ್ತಕವನ್ನೇ ತಂದಳು. ಅರ್ಧ ಅಸಲು ತೀರಿದ ಮೇಲೂ ಬಡ್ಡಿ ಪೂರ್ತಿ ಮೊತ್ತಕ್ಕೇ ಬೀಳುತ್ತಿತ್ತು. ಉಳಿದ ಅಸಲಿಗಷ್ಟೇ ಬಡ್ಡಿ ಹಾಕಿದ್ದರೆ ಎಷ್ಟಾಗುತ್ತಿತ್ತು ಅಂತ ಪಕ್ಕದಲ್ಲಿ ಇನ್ನೊಂದು ಕಾಲಂ ಬರೆದಿದ್ದಳು. ಹೆಣ್ಣುಮಕ್ಕಳಿಗೆ ಲೆಕ್ಕ ಯಾಕೆ ಅನ್ನುವ ಮನೆಯಿಂದ ಬಂದವಳು ಅವಳು.

ಹೊಗಳುವುದರಲ್ಲಿ ನಾನು ಸ್ವಲ್ಪ ಜಿಪುಣ. “ನೀ ಬಾಳ ಶಾಣ್ಯಾ ಅದಿ” ಅಂದರೆ ಆ ಹೆಸರು ಉಳಿಸಿಕೊಳ್ಳಲು ಮಕ್ಕಳು ಸುಲಭದ ಲೆಕ್ಕವನ್ನೇ ಹುಡುಕುತ್ತಾರೆ. ಮ್ಯುಲರ್ ಮತ್ತು ಡ್ವೆಕ್ ಎಂಬ ಸಂಶೋಧಕರು 1998ರಲ್ಲಿ ತೋರಿಸಿದ್ದೂ ಸುಮಾರು ಇದನ್ನೇ. ಹಾಗಂತ “ಪ್ರಯತ್ನ ಮಾಡಪಾ” ಅಂತ ಬೆನ್ನು ತಟ್ಟಿ ಬಿಡುವುದೂ ಉಪಯೋಗಕ್ಕೆ ಬರಲ್ಲ. ನೋಟ್‌ಬುಕ್ಕಿನಲ್ಲಿ “ಮೂರನೇ ಸಾಲಿನ ತನಕ ಸರಿ, ಅಲ್ಲಿ ಮೈನಸ್ ಬಿಟ್ಟಿದ್ದೀಯ” ಅಂತ ಬರೆಯುತ್ತೇನೆ. ಎಷ್ಟು ಬರುತ್ತದೆ ಅನ್ನುವುದೂ ಅವನಿಗೆ ಗೊತ್ತಾಗಬೇಕು ಅಲ್ವಾ?

ನನ್ನ ಕೈ ಸೋಲುವುದು ಓದಿಗಾಗಿ ಬಿಡಬೇಕಾದ್ದರ ವಿಷಯದಲ್ಲಿ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದರೆ ಕಬ್ಬಿಗೆ ನೀರು ಹಾಯಿಸಲು ಹುಡುಗರೇ ಹೋಗಬೇಕು. ಮೊದಲ ಪಿರಿಯಡ್ಡಿನಲ್ಲಿ ತೂಕಡಿಸುತ್ತಾರೆ. ಕೆಲವು ಅಪ್ಪಂದಿರ ಹತ್ತಿರ ಮಾತಾಡಿದೆ. ಒಬ್ಬಿಬ್ಬರು “ಪರೀಕ್ಷಾ ಮುಗಿಯೂತನಕ ನಾನ ಹೊಕ್ಕೀನಿ ಬಿಡ್ರಿ ಸರ” ಅಂದರು. ಉಳಿದ ಮನೆಗಳಲ್ಲಿ ಬೇರೆ ಕೈ ಇಲ್ಲ. ಆ ಹುಡುಗರಿಗೆ ಹೋಂವರ್ಕ್ ಕೊಡುವುದು ಬಿಟ್ಟಿದ್ದೇನೆ. ಅವರ ಲೆಕ್ಕವೆಲ್ಲ ಶಾಲೆಯಲ್ಲೇ, ಊಟದ ಬಿಡುವಿನ ಕೊನೆಯ ಸ್ವಲ್ಪ ಹೊತ್ತಿನಲ್ಲಿ ಮುಗಿಯುತ್ತದೆ.