ಬೇಸ್ ಕೋಟ್, ಕ್ಲಿಯರ್ ಕೋಟ್‌ಗೆ ಸ್ಪ್ರೇ ಗನ್ ಹೊಂದಿಸುವುದು ಹೇಗೆ?

ವಾಹನಕ್ಕೆ ಬಣ್ಣ ಹೊಡೆಯುವಾಗ ಬೇಸ್ ಕೋಟ್ ಎಂದರೆ ಬಣ್ಣದ ಪದರ, ಕ್ಲಿಯರ್ ಕೋಟ್ ಎಂದರೆ ಅದರ ಮೇಲಿನ ಹೊಳಪಿನ ಪಾರದರ್ಶಕ ಪದರ. ಮೆಟಾಲಿಕ್ ಬಣ್ಣದಲ್ಲಿ ಪಟ್ಟೆ ಮೂಡಿದರೆ, ಕ್ಲಿಯರ್ ಮೇಲೆ ಆರೆಂಜ್ ಪೀಲ್ (ಕಿತ್ತಳೆ ಸಿಪ್ಪೆಯಂಥ ತರಿ) ಎದ್ದರೆ ಮೊದಲು ಅನುಮಾನ ಹೋಗುವುದು ಬಣ್ಣದ ಮೇಲೆ. ಆದರೆ ಬಹಳ ಸಲ ಕಾರಣ ಗನ್‌ಗೆ ಬರುವ ಗಾಳಿಯಲ್ಲೇ ಇರುತ್ತದೆ. ಆದ್ದರಿಂದ ಬಣ್ಣ ಕಲಸುವ ಮೊದಲು ಗಾಳಿಯ ಕಡೆ ನೋಡಿ.

ಎಚ್‌ವಿಎಲ್‌ಪಿ (ಹೆಚ್ಚು ಗಾಳಿ, ಕಡಿಮೆ ಒತ್ತಡದ) ಗನ್‌ಗೆ ಒತ್ತಡ ಕಡಿಮೆ ಸಾಕು, ಗಾಳಿ ಮಾತ್ರ ಧಾರಾಳವಾಗಿ ಬೇಕು. ಹೆಚ್ಚಿನ ಗನ್‌ಗಳು ನಿಮಿಷಕ್ಕೆ 10ರಿಂದ 15 ಘನ ಅಡಿ ಗಾಳಿ ಕುಡಿಯುತ್ತವೆ. ಪೈಪಿನ ಒಳವ್ಯಾಸ 10 ಮಿ.ಮೀ. ಇರಲಿ; 6 ಮಿ.ಮೀ. ಪೈಪಿನಲ್ಲಿ ಗಾಳಿ ಗನ್ ಮುಟ್ಟುವಷ್ಟರಲ್ಲಿ ಒತ್ತಡ ಕುಸಿದಿರುತ್ತದೆ. ನೀರು ಹಿಡಿಯುವ ಫಿಲ್ಟರನ್ನು ಕಂಪ್ರೆಸರ್ ಬಾಯಿಗೇ ಕೂರಿಸಬೇಡಿ. ಅಲ್ಲಿ ಗಾಳಿ ಬಿಸಿಯಾಗಿರುವುದರಿಂದ ನೀರು ಆವಿಯಾಗಿಯೇ ದಾಟಿ ಹೋಗುತ್ತದೆ. ಗಾಳಿ ತಣಿದ ಮೇಲೆ, ಗನ್ನಿನ ಕಡೆಗೆ ಫಿಲ್ಟರ್ ಇರಬೇಕು.

ನಾಜಲ್ (ಬಣ್ಣ ಹೊರಬರುವ ಬಾಯಿ) ವಿಚಾರದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೇಸ್‌ಗೆ 1.3, ಕ್ಲಿಯರ್‌ಗೆ 1.3 ಅಥವಾ 1.4 ಮಿ.ಮೀ. ಸಾಕು. ಪ್ರೈಮರ್ (ಬಣ್ಣದ ಕೆಳಗಿನ ಅಡಿಪದರ) ಹೊಡೆದ 1.7ರ ನಾಜಲ್‌ನಲ್ಲೇ ಕ್ಲಿಯರ್ ಹೊಡೆದರೆ ಹನಿ ದಪ್ಪವಾಗಿ ಬಣ್ಣ ಇಳಿಯುತ್ತದೆ.

ಇನ್ನು ಒತ್ತಡ. ಗನ್ನಿನ ಹಿಡಿಯ ಬುಡಕ್ಕೆ ಮೀಟರ್ ಇರುವ ರೆಗ್ಯುಲೇಟರ್ ಹಾಕಿ, ಟ್ರಿಗರ್ ಎಳೆದು ಗಾಳಿ ಹರಿಯುತ್ತಿರುವಾಗಲೇ ಹೊಂದಿಸಿ. ಟ್ರಿಗರ್ ಬಿಟ್ಟಾಗ ಕಾಣುವ ಅಂಕಿಯನ್ನು ನಂಬಬೇಡಿ. ಸಾಮಾನ್ಯವಾಗಿ 26ರಿಂದ 29 ಪಿಎಸ್‌ಐ ಸರಿಹೋಗುತ್ತದೆ. ಗನ್ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಸ್ಪ್ರೇ ಹರಡುವ ಅಗಲ ಹೊಂದಿಸುವ ಫ್ಯಾನ್ ತಿರುಪನ್ನು ಪೂರ್ತಿ ತೆರೆಯಿರಿ. ಬಣ್ಣ ಎಷ್ಟು ಬರಬೇಕೆಂದು ಹೊಂದಿಸುವ ತಿರುಪನ್ನು ಪೂರ್ತಿ ಮುಚ್ಚಿ, ಬೇಸ್‌ಗೆ ಸುಮಾರು ಎರಡೂವರೆ ಸುತ್ತು, ಕ್ಲಿಯರ್‌ಗೆ ಮೂರು ಸುತ್ತು ಬಿಚ್ಚಿ ಶುರು ಮಾಡಿ.

ಆಮೇಲೆ ಗೋಡೆಗೆ ಮಾಸ್ಕಿಂಗ್ ಪೇಪರ್ ಅಂಟಿಸಿ. ಈ ಹಂತವನ್ನು ಮಾತ್ರ ಯಾವತ್ತೂ ಬಿಡಬೇಡಿ. 15 ಸೆಂ.ಮೀ. ದೂರದಿಂದ ಒಂದು ಕ್ಷಣ ಟ್ರಿಗರ್ ಎಳೆದು ಬಿಡಿ. 20ರಿಂದ 25 ಸೆಂ.ಮೀ. ಎತ್ತರದ, ತುದಿಗಳಲ್ಲಿ ತೆಳುವಾಗುವ ಉದ್ದನೆಯ ಗುರುತು ಬೀಳಬೇಕು. ನಡುವೆ ಮಾತ್ರ ದಪ್ಪವಾಗಿದ್ದರೆ ಒತ್ತಡ ಸಾಲದು, ಇಲ್ಲವೇ ಬಣ್ಣ ಗಟ್ಟಿಯಾಗಿದೆ. ನಡುವೆ ತೆಳುವಾಗಿ ಎರಡು ತುದಿ ದಪ್ಪವಾಗಿದ್ದರೆ ಒತ್ತಡ ಹೆಚ್ಚಾಗಿದೆ ಅಥವಾ ಬಣ್ಣ ಕಡಿಮೆ ಬರುತ್ತಿದೆ. ಗುರುತು ಒಂದು ಕಡೆಗೆ ಬಾಗಿದ್ದರೆ ಏರ್ ಕ್ಯಾಪನ್ನು (ನಾಜಲ್ ಸುತ್ತ ಗಾಳಿ ಬಿಡುವ ಬಿರಡೆ) ಅರ್ಧ ಸುತ್ತು ತಿರುಗಿಸಿ ಮತ್ತೆ ಹೊಡೆಯಿರಿ: ಬಾಗು ದಿಕ್ಕು ಬದಲಿಸಿದರೆ ಕ್ಯಾಪಿನ ತೂತು ಕಟ್ಟಿದೆ, ಬದಲಿಸದಿದ್ದರೆ ನಾಜಲ್‌ನಲ್ಲಿ ಕೊಳೆ ಇದೆ. ಬಣ್ಣ ಉಗುಳಿದಂತೆ ಬಿಟ್ಟು ಬಿಟ್ಟು ಬಂದರೆ ನಾಜಲ್ ಸಡಿಲವಾಗಿದೆಯೇ, ಕಪ್ಪಿನ ಮುಚ್ಚಳದ ಗಾಳಿತೂತು ಮುಚ್ಚಿದೆಯೇ ನೋಡಿ.

ಇನ್ನೊಂದು ಪರೀಕ್ಷೆಯೂ ಇದೆ. ಗುರುತು ಅಡ್ಡಡ್ಡ ಬೀಳುವಂತೆ ಕ್ಯಾಪ್ ಕಾಲು ಸುತ್ತು ತಿರುಗಿಸಿ, ಬಣ್ಣ ಸೋರಿ ಇಳಿಯುವವರೆಗೆ ಟ್ರಿಗರ್ ಹಿಡಿಯಿರಿ. ಇಳಿದ ಗೆರೆಗಳು ಹೆಚ್ಚುಕಡಿಮೆ ಒಂದೇ ಉದ್ದ ಇದ್ದರೆ ಗನ್ ಸಿದ್ಧ.

ಬೇಸ್ ಹೊಡೆಯುವಾಗ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಅರ್ಧದಿಂದ ಮುಕ್ಕಾಲು ಭಾಗ ಕೂರಬೇಕು. ಮಣಿಕಟ್ಟು ತಿರುಗಿಸದೆ, ಗನ್ ಪ್ಯಾನೆಲ್‌ಗೆ ನೇರವಾಗಿರುವಂತೆ ತೋಳನ್ನೇ ಸರಿಸಿ. ಹೊಳಪು ಪೂರ್ತಿ ಆರಿದ ಮೇಲೆಯೇ ಮುಂದಿನ ಕೋಟ್. ಮೆಟಾಲಿಕ್‌ಗೆ ಕೊನೆಯಲ್ಲಿ ಒತ್ತಡ ತುಸು ಇಳಿಸಿ, 25–30 ಸೆಂ.ಮೀ. ದೂರದಿಂದ ತೆಳ್ಳಗೆ ಒಂದು ಕೋಟ್ ಕೊಟ್ಟರೆ ಅಲ್ಯೂಮಿನಿಯಂ ಚೂರುಗಳು ಸಮವಾಗಿ ಹರಡಿಕೊಂಡು ಪಟ್ಟೆ ಹೋಗುತ್ತದೆ.

ಕ್ಲಿಯರ್‌ಗೆ ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಅನ್ನು ಡಬ್ಬಿಯ ಮೇಲಿನ ಅಳತೆಯಂತೆಯೇ ಬೆರೆಸಿ ಸೋಸಿಕೊಳ್ಳಿ, ಕಣ್ಣಂದಾಜು ಬೇಡ. ಎರಡು ಒದ್ದೆ ಕೋಟ್ ಸಾಕು. ಮೊದಲನೆಯದರಲ್ಲಿನ ಥಿನ್ನರ್ ಹಾರಿಹೋಗುವ ಮುನ್ನವೇ ಎರಡನೆಯದನ್ನು ಹೇರಿದರೆ ಅದು ಒಳಗೆ ಸಿಕ್ಕಿಬಿದ್ದು, ಆಮೇಲೆ ಸಣ್ಣ ಗುಳ್ಳೆಗಳಾಗಿ ಹೊರಬರುತ್ತದೆ. ಹಾರ್ಡನರ್‌ನಲ್ಲಿರುವ ಐಸೋಸಯನೇಟ್ ಶ್ವಾಸಕೋಶಕ್ಕೆ ಬಹಳ ಅಪಾಯಕಾರಿ, ಆಸ್ತಮಾ ತರಬಲ್ಲದು. ಬಟ್ಟೆಯ ಮುಸುಕು, ಧೂಳಿನ ಮಾಸ್ಕ್ ಇದನ್ನು ತಡೆಯುವುದಿಲ್ಲ. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್, ಕೈಗವಸು, ಮೈಮುಚ್ಚುವ ಉಡುಪು ಬೇಕೇ ಬೇಕು.

ಕೆಲಸ ಮುಗಿದ ತಕ್ಷಣ ಗನ್ ತೊಳೆಯಿರಿ. ಹಾರ್ಡನರ್ ಬೆರೆತ ಕ್ಲಿಯರ್ ಒಳಗೇ ಗಟ್ಟಿಯಾದರೆ ಥಿನ್ನರ್‌ಗೂ ಬಗ್ಗುವುದಿಲ್ಲ. ಆದರೆ ಇಡೀ ಗನ್ನನ್ನು ಥಿನ್ನರಿನಲ್ಲಿ ಮುಳುಗಿಸಿಡಬೇಡಿ, ಒಳಗಿನ ಸೀಲುಗಳು ಹಾಳಾಗುತ್ತವೆ. ಕ್ಯಾಪಿನ ತೂತುಗಳಿಗೆ ಮೆತ್ತನೆಯ ಬ್ರಷ್ ಅಥವಾ ಮರದ ಕಡ್ಡಿ ಬಳಸಿ. ತಂತಿ ಹಾಕಿದರೆ ತೂತಿನ ಅಂಚು ಕಿತ್ತುಹೋಗುತ್ತದೆ. ಆಮೇಲೆ ಯಾವ ತಿರುಪು ತಿರುಗಿಸಿದರೂ ಗುರುತು ಸರಿಯಾಗಿ ಬೀಳುವುದಿಲ್ಲ, ಕ್ಯಾಪನ್ನೇ ಬದಲಿಸಬೇಕಾಗುತ್ತದೆ.