ಮನೆಯಲ್ಲೇ ಕ್ರೈಸ್ತ ಶಾಸ್ತ್ರೀಯ ಶಿಕ್ಷಣ: ಮೊದಲ ಹಂತವನ್ನು ಆರಂಭಿಸುವ ಬಗೆ

ಅಮೆರಿಕದ 50 ರಾಜ್ಯಗಳಲ್ಲಿಯೂ ಮನೆಶಿಕ್ಷಣಕ್ಕೆ ಕಾನೂನಿನ ಅವಕಾಶವಿದ್ದರೂ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುವುದರಿಂದ, ಪುಸ್ತಕ ಕೊಳ್ಳುವ ಮೊದಲು ನಿಮ್ಮ ರಾಜ್ಯದ ನಿಯಮಗಳನ್ನು ಓದಿಕೊಳ್ಳಿ. ಅಲ್ಲಿನ ಅನೇಕ ಕ್ರೈಸ್ತ ಕುಟುಂಬಗಳು ಅನುಸರಿಸುವ ಶಾಸ್ತ್ರೀಯ ಪದ್ಧತಿಯು, 1947ರಲ್ಲಿ ಇಂಗ್ಲಿಷ್ ಲೇಖಕಿ ಡೊರೊತಿ ಸೇಯರ್ಸ್ ಆಕ್ಸ್‌ಫರ್ಡ್‌ನಲ್ಲಿ ಮಾಡಿದ ಭಾಷಣದ ಜಾಡಿನಲ್ಲಿ, ವ್ಯಾಕರಣ, ತರ್ಕ, ವಾಗ್ಮಿತೆ ಎಂಬ ಮಧ್ಯಯುಗದ ಮೂರು ವಿದ್ಯೆಗಳನ್ನು ಮಗುವಿನ ಬೆಳವಣಿಗೆಯ ಮೂರು ಹಂತಗಳಿಗೆ ಹೊಂದಿಸುತ್ತದೆ.

ಮೊದಲನೆಯದಾದ ವ್ಯಾಕರಣದ ಹಂತಕ್ಕೆ ಕಂಠಪಾಠವೇ ಜೀವಾಳ. ಬೈಬಲಿನ 23ನೆಯ ಕೀರ್ತನೆಯಲ್ಲಿರುವುದು ಆರೇ ವಚನಗಳು, ವಾರಕ್ಕೊಂದರಂತೆ ತೆಗೆದುಕೊಳ್ಳಿ. ಸೋಮವಾರ ನೀವು ಓದಿ, ಮಗು ಕೇಳಲಿ. ಮರುದಿನ ನೋಡಿ ಬರೆಯಲಿ. ಗುರುವಾರ ನೀವು ನಿಧಾನವಾಗಿ ಹೇಳುತ್ತಿದ್ದಂತೆ, ಅಲ್ಪವಿರಾಮವೂ ಬಿಟ್ಟುಹೋಗದಂತೆ, ಉಕ್ತಲೇಖನ ಬರೆಯಲಿ. ತಪ್ಪಿದ ಪದವನ್ನಷ್ಟೇ ಮೂರು ಸಲ ಬರೆಸಿ, ಇಡೀ ವಚನವನ್ನಲ್ಲ; ದೇವರ ವಾಕ್ಯವು ಮಗುವಿಗೆ ಶಿಕ್ಷೆಯಾಗಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಈ ಪದ್ಧತಿಯಲ್ಲಿ ಕಲಿಸುವ ಲ್ಯಾಟಿನ್ ಭಾಷೆಗೆ ದಿನಕ್ಕೆ 15 ನಿಮಿಷ ಸಾಕು: ಅಮೋ, ಅಮಾಸ್, ಅಮತ್ (ಪ್ರೀತಿಸುತ್ತೇನೆ, ಪ್ರೀತಿಸುತ್ತೀಯೆ, ಪ್ರೀತಿಸುತ್ತಾನೆ) ಎಂದು ಮಗ್ಗಿಯಂತೆ ರಾಗವಾಗಿ ಹೇಳಿಸಿ. ಮನೆಮಾತು ಕನ್ನಡವಾಗಿದ್ದರೆ ಇಲ್ಲೊಂದು ಅನುಕೂಲವಿದೆ. 'ಮನೆಯನ್ನು', 'ಮನೆಗೆ', 'ಮನೆಯಿಂದ' ಎಂಬ ವಿಭಕ್ತಿರೂಪಗಳಿಗೆ ಒಗ್ಗಿದ ಕಿವಿಗೆ ಲ್ಯಾಟಿನ್ ನಾಮಪದಗಳ ಮಾರ್ಪಾಡು ಅಷ್ಟೇನೂ ಅಪರಿಚಿತವೆನಿಸುವುದಿಲ್ಲ.

ಸುಮಾರು 12ನೆಯ ವಯಸ್ಸಿನಲ್ಲಿ ಮಗು ಪ್ರತಿ ಮಾತಿಗೂ ಎದುರುವಾದ ಹೂಡತೊಡಗಿದಾಗ ತರ್ಕದ ಪಾಠವನ್ನು ಆರಂಭಿಸಿ.